ಹಳೆಯ ಮಡಚುಚಾಕುಗಳು: ಮೂಳೆ, ಮುತ್ತಿನ ಚಿಪ್ಪು, ಆಮೆಚಿಪ್ಪಿನ ಹಿಡಿ. ಹೊಸದಾಗಿಸಬೇಕೇ, ಇದ್ದಂತೆ ಉಳಿಸಬೇಕೇ?

ಹಳೆಅಲಗು:

ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ಸಂಗ್ರಹದಿಂದ ಮೂರು ಮಡಚುಚಾಕುಗಳು ನನ್ನ ಕೈಗೆ ಬಂದಿವೆ. ಇನ್ನೂ ಯಾವುದಕ್ಕೂ ಕೈ ಹಚ್ಚಿಲ್ಲ. ಮೂರನೆಯದಕ್ಕೆ ಎಣ್ಣೆ ಸವರಿದ್ದಷ್ಟೇ.

ಮೊದಲನೆಯದು ಎರಡು ಅಲಗಿನದು. ಗೀರು ಕೊರೆದ ಕಂದು ಮೂಳೆಯ ಹಿಡಿ. ಅಲಗಿನ ಬುಡದಲ್ಲಿ ಶೆಫೀಲ್ಡ್, ಇಂಗ್ಲೆಂಡ್ ಎಂಬ ಮಾಸಿದ ಅಚ್ಚು ಇದೆ. ಅಲ್ಲಲ್ಲಿ ಕೆಂಪು ತುಕ್ಕು. ಹಿಡಿಯ ಒಳಬದಿಯ ಹಿತ್ತಾಳೆ ತಗಡು (ಲೈನರ್) ಮತ್ತು ಮೂಳೆಯ ನಡುವೆ ಹಸಿರು ಕಿಲುಬು. ಒಂದು ಪಿನ್ನಿನ ಬಳಿ ಕೂದಲೆಳೆಯಷ್ಟು ಬಿರುಕು. ಸಣ್ಣ ಅಲಗು ತೆರೆಯುವುದೇ ಇಲ್ಲ.

ಎರಡನೆಯದು ಮುತ್ತಿನ ಚಿಪ್ಪಿನ ಹಿಡಿಯ ಪುಟ್ಟ ಚಾಕು. ಅಲಗು ಬೂದುಗಪ್ಪಾಗಿದೆ, ಉಳಿದಂತೆ ಚೆನ್ನಾಗಿದೆ. ಆದರೆ ಈಚೆಗೆ ಅದರ ಮೇಲೂ ಹೊಸ ಕಂದು ಚುಕ್ಕೆಗಳು ಕಾಣುತ್ತಿವೆ.

ಮೂರನೆಯದರ ಹಿಡಿ ಆಮೆಚಿಪ್ಪಿನದು ಎಂದು ಹೇಳಿ ಕೊಟ್ಟರು. ಹಿಡಿ ಥಳಥಳ ಎನ್ನುತ್ತದೆ. ಅಲಗು ಮಾತ್ರ ಎಷ್ಟು ಒರೆಸಿದರೂ ಮತ್ತೆ ತುಕ್ಕು ಹಿಡಿಯುತ್ತದೆ, ಅದೂ ಹಿಡಿಯ ಒಳಗೆ ಮಡಚಿಕೊಳ್ಳುವ ಭಾಗದಲ್ಲೇ. ಮೂರನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ವೀಡಿಯೊಗಳಲ್ಲಿ ಇಡೀ ಚಾಕುವನ್ನು ವಿನೆಗರ್‌ನಲ್ಲಿ ನೆನೆಸಿ, ಆಮೇಲೆ ಬಫಿಂಗ್ ಚಕ್ರಕ್ಕೆ ಹಿಡಿದು ಹೊಳಪಿಸುತ್ತಾರೆ. ನನ್ನ ಚಾಕುಗಳಿಗೆ ಅದು ಸರಿಯೇ? ಹೊಸದರಂತೆ ಹೊಳೆಯಲೇಬೇಕೆಂಬ ಹಟ ನನಗಿಲ್ಲ, ಹಾಳಾಗದೆ ಉಳಿದರೆ ಸಾಕು. ಆದರೆ ಒಂದನ್ನಾದರೂ ಬಳಸುವ ಆಸೆಯಿದೆ.

ಮೂಳೆಮರ:

ಕೈ ಹಚ್ಚುವ ಮೊದಲೇ ಕೇಳಿದಿರಿ, ಬಹಳ ಒಳ್ಳೆಯದಾಯಿತು. ವಿನೆಗರ್ ಬೇಡವೇ ಬೇಡ. ಆ ವೀಡಿಯೊಗಳು ಉಕ್ಕನ್ನು ಮಾತ್ರ ನೋಡುತ್ತವೆ. ಇಂಥ ಚಾಕುಗಳಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ನಿರ್ಧರಿಸಬೇಕಾದದ್ದು ಹಿಡಿ. ಉಕ್ಕು ಒಂದಿಷ್ಟು ಒರಟು ಉಪಚಾರವನ್ನು ತಡೆದುಕೊಳ್ಳುತ್ತದೆ, ಹಿಡಿ ತಡೆಯುವುದಿಲ್ಲ.

ಮೊದಲು ಮೂರನೆಯ ಚಾಕುವನ್ನು ಆ ಪೆಟ್ಟಿಗೆಯಿಂದ ಈಗಲೇ ಹೊರಗೆ ತೆಗೆಯಿರಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಅದು ಆಮೆಚಿಪ್ಪಲ್ಲ, ಆಮೆಚಿಪ್ಪಿನಂತೆ ಬಣ್ಣ ಕೊಟ್ಟ ಸೆಲ್ಯುಲಾಯ್ಡ್ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರದಿಂದ ಮಾಡುವ ಈ ಪ್ಲಾಸ್ಟಿಕ್‌ಗೆ ಅಮೆರಿಕದಲ್ಲಿ ಹಯಟ್ ಸಹೋದರರು 1870ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಹಲವು ದಶಕ ದಂತ, ಮುತ್ತಿನ ಚಿಪ್ಪು, ಆಮೆಚಿಪ್ಪು ಎಲ್ಲದರ ನಕಲಿಗೂ ಅದೇ ಬಳಕೆಯಾಯಿತು. ವಯಸ್ಸಾದಂತೆ ಅದು ಒಡೆದು ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ. ಗಾಳಿಯ ತೇವ ಸೇರಿದರೆ ಅದೇ ಆಮ್ಲ. ಅಲಗಿನ ಮಡಚಿಕೊಳ್ಳುವ ಭಾಗಕ್ಕಷ್ಟೇ ತುಕ್ಕು ಮರುಕಳಿಸುತ್ತಿರುವುದಕ್ಕೂ, ಪಕ್ಕದ ಚಾಕುವಿಗೆ ಹೊಸ ಚುಕ್ಕೆ ಬಂದಿರುವುದಕ್ಕೂ ಇದೇ ಕಾರಣವಿರಬೇಕು. ಎಣ್ಣೆ ಅದನ್ನು ಹೆಚ್ಚು ಕಾಲ ತಡೆಯಲಾರದು.

ಖಚಿತಪಡಿಸಿಕೊಳ್ಳಲು ಹಿಡಿಯನ್ನು ಹೆಬ್ಬೆರಳಿನಿಂದ ಬೆಚ್ಚಗಾಗುವಷ್ಟು ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅನುಮಾನ ಉಳಿಯುವುದಿಲ್ಲ. ಕಾದ ಸೂಜಿಯ ಪರೀಕ್ಷೆಯನ್ನು ಯಾರು ಹೇಳಿದರೂ ಮಾಡಬೇಡಿ. ಸೆಲ್ಯುಲಾಯ್ಡ್ ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಒಂದು ವೇಳೆ ಅದು ನಿಜವಾದ ಆಮೆಚಿಪ್ಪೇ ಆಗಿದ್ದರೂ ಸೂಜಿಯ ತೂತು ಶಾಶ್ವತ.

ಇನ್ನು ಮೂಳೆಯ ಚಾಕು. ಮೂಳೆಯಲ್ಲಿ ಖನಿಜ ಒಂದು ಪಾಲು, ಕೊಲ್ಯಾಜೆನ್ ಎಂಬ ಪ್ರೋಟೀನು ಇನ್ನೊಂದು ಪಾಲು. ಆಮ್ಲ ಖನಿಜವನ್ನು ಕರಗಿಸುತ್ತದೆ, ಬ್ಲೀಚ್ ಪ್ರೋಟೀನನ್ನು ತಿನ್ನುತ್ತದೆ. ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ; ಪಿನ್ನುಗಳು ಮಾತ್ರ ಇದ್ದಲ್ಲೇ ಇರುತ್ತವೆ, ಆಗ ಬಿರುಕು ಬಿಡುವುದು ಪಿನ್ನಿನ ಬಳಿಯೇ. ನಿಮ್ಮ ಚಾಕುವಿನ ಬಿರುಕಿಗೆ ಕಾರಣ ಇದೇ ಇರಬಹುದು, ಇಲ್ಲವೇ ಪಿನ್ ಕಬ್ಬಿಣದ್ದಾಗಿದ್ದು ತುಕ್ಕಿನಿಂದ ಉಬ್ಬಿರಬಹುದು. ಲೈನರಿನ ಕಿಲುಬು ಒಳಗೊಳಗೇ ಬೆಳೆದರೂ ಹಿಡಿಯನ್ನು ಮೇಲಕ್ಕೆ ತಳ್ಳುತ್ತದೆ.

ಕಿಲುಬನ್ನು ಬಿದಿರಿನ ಹಲ್ಲುಕಡ್ಡಿಯಿಂದ ಒಣದಾಗಿಯೇ ಕೆರೆದು ತೆಗೆಯಿರಿ, ಪುಡಿಯನ್ನು ಮೃದುವಾದ ಕುಂಚದಿಂದ ಗುಡಿಸಿ. ಮೂಳೆಯ ಮೇಲಿನ ಕೊಳೆಗೆ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಕಡ್ಡಿ ಸಾಕು, ತಕ್ಷಣ ಒಣಬಟ್ಟೆಯಿಂದ ಒರೆಸಿ. ಅದಕ್ಕಿಂತ ಹೆಚ್ಚು ಬೇಡ. ಗೀರುಗಳ ತಗ್ಗಿನಲ್ಲಿರುವ ಕಪ್ಪೆಲ್ಲ ಕೊಳೆಯಲ್ಲ; ಮೂಳೆಗೆ ಬಣ್ಣ ಕೊಟ್ಟಾಗ ಅದು ಮೇಲ್ಪದರದಲ್ಲಷ್ಟೇ ನಿಂತಿರುತ್ತದೆ. ಬಫಿಂಗ್ ಚಕ್ರಕ್ಕೆ ಹಿಡಿದರೆ ಉಬ್ಬಿದ ಭಾಗವೆಲ್ಲ ಬೆಳ್ಳಗಾಗಿ ಬೋಳು ಬೋಳಾಗಿ ಕಾಣುತ್ತದೆ. ಮರಳಿ ಬಣ್ಣ ಹಾಕಿದರೂ ಆ ಕಂದು ಬರುವುದಿಲ್ಲ.

ಅಲಗಿನಲ್ಲಿ ತುಕ್ಕನ್ನೂ ಪಟಿನವನ್ನೂ ಬೇರೆ ಬೇರೆಯಾಗಿ ನೋಡಬೇಕು. ಕೆಂಪಗೆ ಪುಡಿಪುಡಿಯಾಗಿ ಬೆರಳಿಗೆ ಅಂಟುವುದು ಜೀವಂತ ತುಕ್ಕು, ಅದನ್ನು ನಿಲ್ಲಿಸಲೇಬೇಕು. ಬೂದು, ಕಪ್ಪು, ಕಡುಗಂದಾಗಿ ಗಟ್ಟಿಯಾಗಿ ಕೂತದ್ದು ಉಕ್ಕಿನ ಮೇಲಿನ ಹೊದಿಕೆ, ಅದೇ ಪಟಿನ; ಅದನ್ನು ಮುಟ್ಟಬಾರದು. ಕೆಂಪು ಚುಕ್ಕೆಯ ಮೇಲೆ ಒಂದು ಹನಿ ಮಿನರಲ್ ಆಯಿಲ್ ಬಿಟ್ಟು, ಹಿತ್ತಾಳೆಯ ಚೂರಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಕೆರೆಯುವಾಗ ಹಿಡಿಗೆ ಕಾಗದದ ಟೇಪ್ ಕೂಡ ಅಂಟಿಸಬೇಡಿ, ಬಟ್ಟೆ ಸುತ್ತಿ.

ಅಚ್ಚಿನ ಹತ್ತಿರ ಉಜ್ಜಿ ಸವೆಸುವ ವಸ್ತು ಯಾವುದೂ ಹೋಗಕೂಡದು. ಅಚ್ಚು ಅಳಿದರೆ ಚಾಕುವಿನ ಕಾಲ ಹೇಳುವ ಸಾಕ್ಷಿ ಹೋದಂತೆ. ಉದಾಹರಣೆಗೆ, ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ವಿಧಿಸಿತು. ಆದ್ದರಿಂದ ಶೆಫೀಲ್ಡ್ ಜೊತೆಗೆ ಇಂಗ್ಲೆಂಡ್ ಎಂದೂ ಇದ್ದರೆ ಚಾಕು ಬಹುಮಟ್ಟಿಗೆ ಅದರ ನಂತರದ್ದು. ಅಮೆರಿಕದ ಕೇಸ್ ಎಂಬ ಕಂಪನಿಯ ಚಾಕುಗಳಲ್ಲಂತೂ 1970ರಿಂದ ಅಲಗಿನ ಬುಡದ ಚುಕ್ಕೆಗಳನ್ನು ಎಣಿಸಿಯೇ ವರ್ಷ ಹೇಳಬಹುದು. ಒಂದು ಚುಕ್ಕೆ ಸವೆದರೆ ಇಸವಿಯೇ ತಪ್ಪುತ್ತದೆ.

ಸಾಣೆಕಲ್ಲು:

ಮೂಳೆಮರ ಅವರ ಮಾತನ್ನು ಗೌರವಿಸುತ್ತೇನೆ, ಆದರೆ ಒಂದು ಕಡೆ ಒಪ್ಪುವುದಿಲ್ಲ. ಚಾಕು ಕೊಯ್ಯುವುದಕ್ಕೆ ಹುಟ್ಟಿದ ಉಪಕರಣ. ಅದನ್ನು ಮಾಡಿದ ಕುಶಲಿ ಅಲಗು ತೆರೆಯಲಿ, ಹರಿತವಾಗಿರಲಿ ಎಂದೇ ದುಡಿದ. ತೆರೆಯದ ಅಲಗನ್ನು ಹಾಗೆಯೇ ಬಿಡುವುದು ಅವನ ಕೆಲಸಕ್ಕೆ ಮರ್ಯಾದೆಯಲ್ಲ. ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಚಾಕುವಿನ ಹಿಡಿ ಮುರಿದಿದ್ದರೆ ಹೊಸ ಮೂಳೆ ಹಾಕಿ, ಸ್ಪ್ರಿಂಗ್ ಸರಿಮಾಡಿ, ಮಸೆದು ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಅಂಥವನ್ನು ಬಿಚ್ಚಿ ಕಟ್ಟುತ್ತೇನೆ, ಅದರಲ್ಲಿ ನನಗೆ ಸಂತೋಷವಿದೆ.

ಮೂಳೆಮರ:

ಸಾಣೆಕಲ್ಲು ಅವರೇ, ಹಿಡಿ ಮುರಿದು ಅರ್ಧ ಕಳೆದುಹೋದ ಸಾಮಾನ್ಯ ಚಾಕುವಿನ ವಿಷಯದಲ್ಲಿ ನಮ್ಮಿಬ್ಬರ ನಡುವೆ ಭಿನ್ನಮತವೇ ಇಲ್ಲ. ಬಿಚ್ಚುವ ಮೊದಲು ಫೋಟೊ ತೆಗೆದು, ಹಳೆಯ ತುಂಡುಗಳನ್ನು ಜೋಪಾನ ಮಾಡಿ, ಮುಂದೆ ಯಾರಿಗಾದರೂ ಕೊಡುವಾಗ ಏನೇನು ಬದಲಾಗಿದೆಯೆಂದು ಬರೆದುಕೊಟ್ಟರೆ ಅದು ಪ್ರಾಮಾಣಿಕ ಕೆಲಸ.

ಆದರೆ ಇಲ್ಲಿ ಮೂಲ ಹಿಡಿ ಪೂರ್ತಿ ಇದೆ. ಚಾಕು ಬಿಚ್ಚಬೇಕೆಂದರೆ ತಲೆ ಬಡಿದು ಚಪ್ಪಟೆ ಮಾಡಿದ ಪಿನ್ನುಗಳನ್ನು ಕೊರೆದೋ ಹೊಡೆದೋ ತೆಗೆಯಬೇಕು. ಹಳೆಯ, ಒಣಗಿದ, ಈಗಾಗಲೇ ಬಿರುಕು ಬಿಟ್ಟ ಮೂಳೆ ಆ ಹೊಡೆತಕ್ಕೆ ಉಳಿಯುವುದು ಅಪರೂಪ. ತೆರೆಯದ ಅಲಗಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಕೀಲಿಗೆ ಸೂಜಿಯ ತುದಿಯಿಂದ ಒಂದೇ ಹನಿ ಎಣ್ಣೆ ಬಿಡಿ. ಒಸರಿದ್ದನ್ನು ಹೀರಲು ಮೂಳೆಯ ಪಕ್ಕ ಹತ್ತಿ ಇಟ್ಟುಕೊಳ್ಳಿ, ಏಕೆಂದರೆ ಮೂಳೆಗೆ ಇಳಿದ ಎಣ್ಣೆ ಕಲೆಯಾಗಿ ನಿಲ್ಲುತ್ತದೆ. ತೆಳ್ಳಗಿನ ತುಕ್ಕುಬಿಡಿಸುವ ಸ್ಪ್ರೇಗಳು ಬೇಡ ಎನ್ನುವುದೂ ಇದಕ್ಕೇ. ಒಂದು ರಾತ್ರಿ ಬಿಟ್ಟು ಮೆಲ್ಲಗೆ ಎಳೆದು ನೋಡಿ. ಬರದಿದ್ದರೆ ಮತ್ತೊಂದು ಹನಿ, ಮತ್ತೊಂದು ರಾತ್ರಿ. ಇಕ್ಕಳ ಹಾಕಿದರೆ ಉಗುರು ಸಿಕ್ಕಿಸುವ ಗುಳಿಯ ಬಳಿ ಅಲಗು ಮುರಿಯಬಹುದು.

ಕಿರುಕೀಲು:

ನಡುವೆ ಒಂದು ಪ್ರಶ್ನೆ. ನನ್ನ ಬಳಿ ಬಿಳಿ ಹಿಡಿಯ ಚಾಕು ಇದೆ. ಮೂಳೆಯೋ ದಂತವೋ ತಿಳಿಯುವುದು ಹೇಗೆ? ಅಂಚು ಸ್ವಲ್ಪ ಮುರಿದಿದೆ, ದಂತವಾದರೆ ದಂತದಿಂದಲೇ ತೇಪೆ ಹಾಕಿಸಬಹುದೇ?

ಮೂಳೆಮರ:

ಭೂತಗನ್ನಡಿ ಹಿಡಿಯಿರಿ. ಮೂಳೆಯಲ್ಲಿ ರಕ್ತನಾಳ ಹಾದುಹೋದ ಸೂಕ್ಷ್ಮ ಕೊಳವೆಗಳು ಕಪ್ಪು ಚುಕ್ಕೆಯಾಗಿಯೋ ಸಣ್ಣ ಗೆರೆಯಾಗಿಯೋ ಕಾಣುತ್ತವೆ. ದಂತದಲ್ಲಿ ಅವು ಇರುವುದಿಲ್ಲ. ಅಡ್ಡ ಕೊಯ್ದ ತುದಿಯಲ್ಲಿ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳ ಬಲೆ ಇರುತ್ತದೆ, ಶ್ರೆಗರ್ ಗೆರೆಗಳು ಎನ್ನುತ್ತಾರೆ.

ದಂತವೆಂದಾದರೆ ತೇಪೆಯ ಯೋಚನೆ ಬಿಡಿ. ಏಷ್ಯಾದ ಆನೆ 1975ರಿಂದ, ಆಫ್ರಿಕಾದ ಆನೆ 1989ರ ತೀರ್ಮಾನದಂತೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಮೊದಲ, ಅತಿ ಕಟ್ಟುನಿಟ್ಟಿನ ಅನುಬಂಧಕ್ಕೆ ಸೇರಿದವು. ಗಡಿ ದಾಟಿಸುವುದಕ್ಕೆ, ಮಾರುವುದಕ್ಕೆ ಆಯಾ ದೇಶದ ಕಾನೂನು ಅಡ್ಡ ಬರುತ್ತದೆ. ದುರಸ್ತಿಯೇ ಕಾನೂನಿನ ಸ್ಥಾನವನ್ನು ಬದಲಿಸುವುದೂ ಉಂಟು: ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಪುರಾತನ ವಸ್ತುವಿಗೆ ವಿನಾಯಿತಿ ಇದ್ದರೂ, 1973ರ ಡಿಸೆಂಬರ್ 28ರ ನಂತರ ಸಂರಕ್ಷಿತ ಪ್ರಾಣಿಯ ಭಾಗದಿಂದ ದುರಸ್ತಿಯಾಗಿದ್ದರೆ ಆ ವಿನಾಯಿತಿ ಸಿಗುವುದಿಲ್ಲ. ಮುರಿದ ಅಂಚು ಹಾಗೆಯೇ ಇರಲಿ.

ಹಳೆಅಲಗು:

ಎಲ್ಲರಿಗೂ ಧನ್ಯವಾದ. ಉಜ್ಜಿ ನೋಡಿದೆ, ಕರ್ಪೂರದ ವಾಸನೆ ಸ್ಪಷ್ಟವಾಗಿ ಬಂತು. ಚಾಕುವನ್ನು ಬೇರೆ ಇಟ್ಟಿದ್ದೇನೆ. ಮೂಳೆಯ ಚಾಕುವಿನ ಸಣ್ಣ ಅಲಗು ಎಣ್ಣೆಗೆ ಬಗ್ಗಿ ಅರ್ಧ ತೆರೆದಿದೆ. ಇನ್ನು ಮೂರು ಸಂದೇಹ. ಬಿರುಕಿಗೆ ಸೂಪರ್ ಗ್ಲೂ ಹಾಕಲೇ? ಮುತ್ತಿನ ಚಿಪ್ಪಿಗೆ ಏನು ಮಾಡಲಿ? ಸೆಲ್ಯುಲಾಯ್ಡ್ ಚಾಕುವನ್ನು ಎಸೆಯಬೇಕೇ?

ಮೂಳೆಮರ:

ಸೂಪರ್ ಗ್ಲೂ ಬೇಡ. ಅದು ಮೂಳೆಯೊಳಗೆ ಹರಿದು ಕಲೆ ಮಾಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಬಿರುಕು ಅಗಲವಾಗುತ್ತಿಲ್ಲವಾದರೆ ಏನೂ ಮಾಡಬೇಕಾಗಿಲ್ಲ, ವರ್ಷಕ್ಕೊಮ್ಮೆ ಅದೇ ಕೋನದಿಂದ ಫೋಟೊ ತೆಗೆದು ಹೋಲಿಸಿ. ಚೂರು ಅಲುಗಾಡತೊಡಗಿದರೆ ವಸ್ತುಸಂಗ್ರಹಾಲಯದವರು ಬಳಸುವ ಪ್ಯಾರಲಾಯ್ಡ್ ಬಿ-72 ಅಂಟು ಇದೆ. ಬೇಡವೆಂದಾಗ ಅಸಿಟೋನಿನಲ್ಲಿ ಕರಗಿಸಿ ತೆಗೆಯಬಹುದು. ಆ ಅಸಿಟೋನ್ ಮಾತ್ರ ಸೆಲ್ಯುಲಾಯ್ಡ್ ಹತ್ತಿರ ಸುಳಿಯದಿರಲಿ, ಅದನ್ನೂ ಕರಗಿಸುತ್ತದೆ.

ಮುತ್ತಿನ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್, ನಿಂಬೆರಸ ತಾಗಿದರೆ ಮೇಲ್ಪದರ ಕರಗಿ ಮಿನುಗು ಮಂಕಾಗುತ್ತದೆ. ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ, ಅಷ್ಟೇ. ಅಲಗಿನ ಹೊಸ ಕಂದು ಚುಕ್ಕೆಗಳಿಗೆ ಎಣ್ಣೆ, ಹಿತ್ತಾಳೆ. ಬೂದುಗಪ್ಪು ಇದ್ದಂತೆ ಇರಲಿ. ಎಲ್ಲ ಮುಗಿದ ಮೇಲೆ ಉಕ್ಕಿಗೆ ಮೈಕ್ರೋಕ್ರಿಸ್ಟಲಿನ್ ಮೇಣದ ತೆಳುವಾದ ಲೇಪ ಕೊಡಿ. ರಿನೈಸಾನ್ಸ್ ವ್ಯಾಕ್ಸ್ ಎಂದು ಸಿಗುವುದು ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ಅಂಥದೇ ಮೇಣ.

ಸೆಲ್ಯುಲಾಯ್ಡ್ ಚಾಕುವನ್ನು ಎಸೆಯಬೇಡಿ. ಅಲಗನ್ನು ಒರೆಸಿ ಮೇಣ ಹಚ್ಚಿ, ಅರ್ಧ ತೆರೆದ ಸ್ಥಿತಿಯಲ್ಲಿ, ಗಾಳಿಯಾಡುವ ತಂಪಾದ ಜಾಗದಲ್ಲಿ, ಬಿಸಿಲು ಬೆಂಕಿಗಳಿಂದ ದೂರ ಇಡಿ. ಮಕ್ಕಳ ಕೈಗೆ ಎಟುಕದಿರಲಿ. ಹಿಡಿಯಲ್ಲಿ ಒಳಬಿರುಕುಗಳ ಜಾಲ ಕಂಡರೆ, ಬೆವರಿದಂತೆ ತೇವವಾದರೆ, ಹಿಡಿಯನ್ನು ಬಿಚ್ಚಿಸಿ ತೆಗೆಸುವುದೇ ಸರಿ. ಆ ಹಂತದಲ್ಲಿ ಉಳಿಸಬೇಕಾದದ್ದು ಅಲಗು ಮತ್ತು ಸ್ಪ್ರಿಂಗ್. ಸಾಣೆಕಲ್ಲು ಅವರ ಕೈಚಳಕ ಬೇಕಾಗುವುದು ಅಲ್ಲಿ.

ಸಾಣೆಕಲ್ಲು:

ಖಂಡಿತ ಹೇಳಿಕೊಡುತ್ತೇನೆ. ಅಂಥ ಸ್ಥಿತಿ ಬಂದರೆ ಹಿಡಿಯ ಎರಡೂ ಮಗ್ಗುಲಿನ ಅಳತೆ, ಪಿನ್ನುಗಳ ದಪ್ಪ, ಲೈನರಿನ ಫೋಟೊ ಇಲ್ಲಿ ಹಾಕಿ. ಬಳಸುವ ಆಸೆಗೂ ನನಗೆ ಆ ಮೂರನೆಯದೇ ಸೂಕ್ತವೆನಿಸುತ್ತದೆ, ಹೊಸ ಹಿಡಿ ಬಿದ್ದ ಮೇಲೆ.

ಹಳೆಅಲಗು:

ಹಾಗೆಯೇ ಮಾಡುತ್ತೇನೆ. ಮೂಳೆಯ ಚಾಕುವನ್ನು ಅದರ ಜೊತೆ ಬಂದ ಚರ್ಮದ ಚೀಲದಲ್ಲೇ ಇಡಬಹುದೇ?

ಮೂಳೆಮರ:

ಬೇಡ. ಚರ್ಮ ತೇವ ಹಿಡಿಯುತ್ತದೆ, ಹದಮಾಡಿದಾಗಿನ ಆಮ್ಲವೂ ಅದರಲ್ಲಿ ಉಳಿದಿರುತ್ತದೆ. ಹಿತ್ತಾಳೆಗೆ ಮತ್ತೆ ಕಿಲುಬು ಬರುತ್ತದೆ. ಚೀಲವನ್ನು ಬೇರೆ ಇಟ್ಟು, ಚಾಕುವನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ತೇವಾಂಶ ಶೇಕಡಾ 45ರಿಂದ 55ರ ಆಸುಪಾಸಿನಲ್ಲಿ ಹೆಚ್ಚು ಏರಿಳಿತವಿಲ್ಲದೆ ಇದ್ದರೆ ಮೂಳೆಗೂ ಉಕ್ಕಿಗೂ ಹಿತ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಪೆಟ್ಟಿಗೆಗೆ ತುಂಬಬೇಡಿ, ಗಾಳಿ ಅತಿಯಾಗಿ ಒಣಗಿ ಬಿರುಕು ಮುಂದುವರಿಯುತ್ತದೆ.