ಹಬ್ಬದ ದೀಪಗಳ ಕಂಟ್ರೋಲರ್ ಬೋರ್ಡು: ಮುಚ್ಚಿದ ವಾಟರ್‌ಪ್ರೂಫ್ ಬಾಕ್ಸಿನೊಳಗೆ ನೀರು ಎಲ್ಲಿಂದ ಬರುತ್ತಿದೆ?

ತುಳಸಿಕಟ್ಟೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿಯ ಸಮೀಪದ ಹಳ್ಳಿಯೊಂದರಲ್ಲಿದೆ. ನವರಾತ್ರಿಯ ಮೊದಲ ದಿನದಿಂದ ತುಳಸಿ ಪೂಜೆಯವರೆಗೆ, ಅಂದರೆ ಸುಮಾರು ಆರು ವಾರ, ಮಾಡಿನ ಅಂಚಿಗೆ, ಅಂಗಳದ ತುಳಸಿಕಟ್ಟೆಗೆ ಮತ್ತು ಗೇಟಿನ ಕಂಬಗಳಿಗೆ ಒಟ್ಟು 400 ಪಿಕ್ಸೆಲ್ ದೀಪಗಳನ್ನು (ಒಂದೊಂದರ ಬಣ್ಣವನ್ನೂ ಬೇರೆಬೇರೆಯಾಗಿ ಬದಲಿಸಬಲ್ಲ ಎಲ್‌ಇಡಿಗಳು) ಹಾಕುತ್ತೇನೆ. ಎಲ್ಲವೂ 12 ವೋಲ್ಟಿನ ಡಬ್ಲ್ಯುಎಸ್2811 ಬುಲೆಟ್ ಮಾದರಿಯವು. ಇವನ್ನು ನಡೆಸುವುದು ಡಬ್ಲ್ಯುಎಲ್‌ಇಡಿ ತಂತ್ರಾಂಶ ಹಾಕಿದ ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡು. ಅದನ್ನೂ 230 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ಕೊಡುವ, ಫ್ಯಾನ್ ಇರುವ 350 ವ್ಯಾಟಿನ ಎಸ್‌ಎಂಪಿಎಸ್ ಅನ್ನೂ ಒಂದೇ ಐಪಿ65 ಪ್ಲಾಸ್ಟಿಕ್ ಬಾಕ್ಸಿನಲ್ಲಿ ಕೂರಿಸಿ, ಕಾರು ಶೆಡ್ಡಿನ ಹೊರಗೋಡೆಗೆ ಬಿಗಿದಿದ್ದೆ.

ಕಳೆದ ವರ್ಷ ಎರಡು ಸಂಜೆ ಗುಡುಗುಮಳೆ ಬಂದದ್ದೇ ತಡ, ಮೂರನೆಯ ದಿನ ಗೇಟಿನ ಕಡೆಯ ದೀಪಗಳು ತಮ್ಮಷ್ಟಕ್ಕೆ ಬಿಳಿಯಾಗಿ ಮಿಟುಕತೊಡಗಿದವು. ಮುಚ್ಚಳ ತೆಗೆದರೆ ತಳದಲ್ಲಿ ಎರಡು ಚಮಚದಷ್ಟು ನೀರು ನಿಂತಿತ್ತು ಮತ್ತು ಟರ್ಮಿನಲ್ ಸ್ಕ್ರೂಗಳ ಸುತ್ತ ಹಸಿರು ಕಿಲುಬು ಹಿಡಿದಿತ್ತು. ರಬ್ಬರ್ ಗ್ಯಾಸ್ಕೆಟ್ ಸರಿಯಾಗಿಯೇ ಕೂತಿದೆ. ವಯರು ಒಳಹೋಗುವ ತೂತುಗಳಿಗೆ ಬಿಗಿಯುವ ಗ್ಲ್ಯಾಂಡುಗಳ ಸುತ್ತ ಸಿಲಿಕೋನ್ ಕೂಡ ಮೆತ್ತಿದ್ದೇನೆ. 230 ವೋಲ್ಟಿನ ವಯರು ಮೇಲಿನಿಂದ ಇಳಿದು ಬರುವುದರಿಂದ ಎರಡು ತೂತು ಬಾಕ್ಸಿನ ನೆತ್ತಿಯಲ್ಲಿವೆ, ಉಳಿದ ಮೂರು ಬದಿಯಲ್ಲಿವೆ. ಚೌತಿ ಮುಗಿಯಿತು, ಇನ್ನು ಹೆಚ್ಚು ದಿನವಿಲ್ಲ. ಈ ಸಲ ಐಪಿ67 ಬಾಕ್ಸನ್ನೇ ಕೊಳ್ಳಬೇಕೆ ಅಥವಾ ಜೋಡಣೆಯಲ್ಲೇ ತಪ್ಪಿದೆಯೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬೆಸುಗೆಕಡ್ಡಿ (ಉತ್ತರ):

ಹೊಸ ಬಾಕ್ಸಿಗೆ ದುಡ್ಡು ಹಾಕುವ ಮೊದಲು ಹಳೆಯದರಲ್ಲಿ ಏನಾಯಿತೆಂದು ನೋಡೋಣ. ಐಪಿ65 ಎಂದರೆ ದೂಳು ಒಳಹೋಗದು ಮತ್ತು ನಿಮಿಷಕ್ಕೆ 12.5 ಲೀಟರ್ ನೀರನ್ನು ಕೊಳವೆಯಿಂದ ಚಿಮ್ಮಿಸಿದರೂ ಹಾನಿಯಾಗದು ಎಂದಷ್ಟೇ ಅರ್ಥ, ಅದೂ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ. ನೀವು ಡ್ರಿಲ್ ಹಿಡಿದು ಐದು ತೂತು ಕೊರೆದ ಮೇಲೆ ಆ ಅಂಕಿ ನಿಮ್ಮ ಕೈಗೆಲಸದ್ದೇ ಹೊರತು ಬಾಕ್ಸಿನದ್ದಲ್ಲ.

ಆದರೆ ನಿಮ್ಮ ಪ್ರಕರಣದಲ್ಲಿ ಮಳೆ ಒಳನುಗ್ಗಿದೆ ಎನ್ನುವುದಕ್ಕಿಂತ ಬಾಕ್ಸೇ ಅದನ್ನು ಹೀರಿಕೊಂಡಿದೆ ಎನ್ನುವುದು ಸರಿ. ಮಧ್ಯಾಹ್ನದ ಬಿಸಿಲಿಗೆ ಬಾಕ್ಸಿನೊಳಗಿನ ಗಾಳಿ 60 ಡಿಗ್ರಿಗೆ ಏರಿ, ಹಿಗ್ಗಿ, ಸಂದುಗಳ ಮೂಲಕ ಒಂದಿಷ್ಟು ಹೊರಗೆ ಹೋಗಿರುತ್ತದೆ ಎಂದುಕೊಳ್ಳಿ. ಸಂಜೆ ಮಳೆ ಬಿದ್ದು ಅದೇ ಗಾಳಿ 25 ಡಿಗ್ರಿಗೆ ತಣಿದರೆ ಒಳಗಿನ ಒತ್ತಡ ಸುಮಾರು ಶೇಕಡಾ 10ರಷ್ಟು ಕುಸಿಯುತ್ತದೆ. ಇದು ಬಾಕ್ಸನ್ನು ಒಂದು ಮೀಟರ್ ಆಳದ ನೀರಿನಲ್ಲಿ ಮುಳುಗಿಸಿದಾಗ ಬೀಳುವ ಒತ್ತಡಕ್ಕೆ ಸಮ. ಐಪಿ67 ಪರೀಕ್ಷೆಯೂ ಅಷ್ಟೇ ಆಳದಲ್ಲಿ ಅರ್ಧ ಗಂಟೆ ನಡೆಯುವಂಥದ್ದು. ನಿಮ್ಮ ಅಂಗಳದಲ್ಲಿ ಅದು ದಿನವೂ ನಡೆಯುತ್ತಿದೆ. ಆ ಹೊತ್ತಿನಲ್ಲಿ ನೆತ್ತಿಯ ಗ್ಲ್ಯಾಂಡಿನ ಸುತ್ತ ನೀರು ನಿಂತಿದ್ದರೆ ಕೂದಲೆಳೆಯಷ್ಟು ಸಂದು ಸಾಕು.

ಆದ್ದರಿಂದ ಮೊದಲ ಕೆಲಸವೆಂದರೆ ಬಾಕ್ಸಿಗೆ ಉಸಿರಾಡಲು ದಾರಿ ಕೊಡುವುದು. ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯುಳ್ಳ ವೆಂಟ್ ಪ್ಲಗ್ಗುಗಳು ಎಂ12 ಅಳತೆಯ (12 ಮಿಲಿಮೀಟರಿನ) ತಿರುಪಿನಲ್ಲಿ ಸಿಗುತ್ತವೆ. ಸಿಗದಿದ್ದರೆ ತಳದ ಅತ್ಯಂತ ತಗ್ಗಿನ ಮೂಲೆಯಲ್ಲಿ 4 ಮಿಲಿಮೀಟರಿನ ಒಂದು ತೂತು ಸಾಕು. ಆಗ ಒತ್ತಡದ ವ್ಯತ್ಯಾಸವೇ ಹುಟ್ಟುವುದಿಲ್ಲ, ಒಳಗೆ ಬೆವರಿದ ನೀರೂ ಇಳಿದುಹೋಗುತ್ತದೆ. ಎರಡನೆಯದಾಗಿ, ಎಲ್ಲ ಗ್ಲ್ಯಾಂಡುಗಳೂ ತಳಕ್ಕೆ ಬರಲಿ. ಮೇಲಿನಿಂದ ಬರುವ ವಯರನ್ನು ಬಾಕ್ಸಿಗಿಂತ ಒಂದು ಗೇಣು ಕೆಳಗಿಳಿಸಿ, ಬಾಗಿಸಿ, ಮತ್ತೆ ಮೇಲಕ್ಕೆ ಒಯ್ದು ಒಳಗೆ ಬಿಡಿ. ವಯರಿನ ಮೇಲೆ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಒಂದು ಗ್ಲ್ಯಾಂಡಿಗೆ ಒಂದೇ ಗುಂಡನೆಯ ವಯರು ಎಂಬುದು ಕಡ್ಡಾಯ. ಪಿಜಿ7 ಗ್ಲ್ಯಾಂಡು 3ರಿಂದ 6.5 ಮಿಲಿಮೀಟರಿನ, ಪಿಜಿ9 ಗ್ಲ್ಯಾಂಡು 4ರಿಂದ 8 ಮಿಲಿಮೀಟರಿನ ವಯರಿಗೆ ಹೊಂದುತ್ತದೆ. ಚಪ್ಪಟೆ ವಯರನ್ನಾಗಲಿ, ಎರಡು ಮೂರು ವಯರುಗಳ ಕಂತೆಯನ್ನಾಗಲಿ ತುರುಕಿದರೆ ಒಳಗಿನ ರಬ್ಬರು ಎಷ್ಟು ಬಿಗಿದರೂ ಸಂದು ಮುಚ್ಚುವುದಿಲ್ಲ. ಅಂದ ಹಾಗೆ, ನೀವು ಮೆತ್ತಿದ ಸಿಲಿಕೋನ್ ವಿನೆಗರ್ ವಾಸನೆಯದ್ದೆ?

ಮೇನ್‌ಸ್ವಿಚ್ (ಉತ್ತರ):

ನೀರಿನ ವಿಚಾರವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ವಯರಿಂಗ್ ಕೆಲಸದವನಾದ್ದರಿಂದ ನನ್ನ ಆಕ್ಷೇಪ ಬೇರೆಯದು: ಫ್ಯಾನ್ ಇರುವ ಎಸ್‌ಎಂಪಿಎಸ್ ಅನ್ನು ಮುಚ್ಚಿದ ಬಾಕ್ಸಿನಲ್ಲಿಡಲೇಬಾರದು. ಪೂರ್ಣ ಬಿಳಿ ಬೆಳಕಿನಲ್ಲಿ 12 ವೋಲ್ಟಿನ ಬುಲೆಟ್ ಪಿಕ್ಸೆಲ್ ಒಂದಕ್ಕೆ ಅರ್ಧದಿಂದ ಮುಕ್ಕಾಲು ವ್ಯಾಟ್ ಬೇಕು. 400ಕ್ಕೆ ಸರಾಸರಿ 250 ವ್ಯಾಟ್ ಎಂದಿಟ್ಟುಕೊಳ್ಳೋಣ. ಶೇಕಡಾ 85ರ ದಕ್ಷತೆಯ ಎಸ್‌ಎಂಪಿಎಸ್ ಅಷ್ಟು ಕೊಡುವಾಗ 44 ವ್ಯಾಟನ್ನು ಬಿಸಿಯಾಗಿ ಬಿಡುತ್ತದೆ. ಹಳೆಯ ಕಾಲದ 40 ವ್ಯಾಟಿನ ಬಲ್ಬನ್ನು ಟಿಫಿನ್ ಕ್ಯಾರಿಯರಿನೊಳಗೆ ಉರಿಸಿದ ಹಾಗೆ. ಫ್ಯಾನು ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತಿರುತ್ತದೆ, ಅಷ್ಟೆ.

ಅಲ್ಯುಮಿನಿಯಂ ಕವಚದೊಳಗೆ ರಾಳ ತುಂಬಿದ ಐಪಿ67 ಎಸ್‌ಎಂಪಿಎಸ್ ಬರುತ್ತದೆ, ಫ್ಯಾನ್ ಇರುವುದಿಲ್ಲ. ಅದನ್ನು ಬಾಕ್ಸಿನ ಹೊರಗೆ, ಸನ್‌ಶೇಡಿನ ಅಡಿಯಲ್ಲಿ, ಗೋಡೆಯಿಂದ ಒಂದು ಅಂಗುಲ ಬಿಟ್ಟು ಬಿಗಿಯಿರಿ. ಎಸ್‌ಎಂಪಿಎಸ್ ಮನೆಯೊಳಗಿದ್ದರೆ ಇನ್ನೂ ಕ್ಷೇಮವಲ್ಲವೆ ಎಂದು ಕೆಲವರು ಕೇಳುವುದುಂಟು. 10 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ 15 ಆಂಪಿಯರ್ ಹರಿಸಿದರೆ ಹೋಗಿ ಬರುವ ದಾರಿಯಲ್ಲೇ 2 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ, ಕೊನೆಯ ದೀಪಗಳ ಬಿಳಿ ಬಣ್ಣ ಕೆಂಪಡರುತ್ತದೆ. ಹಾಗಾಗಿ ಎಸ್‌ಎಂಪಿಎಸ್ ದೀಪಗಳ ಹತ್ತಿರವೇ ಇರಲಿ, ಆದರೆ ಅದಕ್ಕೆ ಬರುವ 230 ವೋಲ್ಟಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನನ್ನು ತಾನೇ ಕಡಿಯುವ ಸ್ವಿಚ್ಚು) ಇರಲೇಬೇಕು. ಅರ್ಥಿಂಗ್ ಕೂಡ. ಲೋಹದ ಕವಚಕ್ಕೆ ಅರ್ಥ್ ಕೊಡದೆ ಬಿಟ್ಟರೆ ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ಮುಟ್ಟಿದವರಿಗೆ ಜುಮ್ಮೆನ್ನುತ್ತದೆ. ದೀಪ ನೋಡಲು ಮಕ್ಕಳು ಬರುವ ಜಾಗವದು.

ತಳದ ತೂತಿಗೆ ಸ್ಟೀಲ್ ಜಾಲರಿ ಅಂಟಿಸದೆ ಬಿಡಬೇಡಿ. ನಾನೇ ಜೋಡಿಸಿದ ಒಂದು ಬಾಕ್ಸಿನಲ್ಲಿ ಮರಿ ಹಲ್ಲಿಯೊಂದು ಒಳಹೊಕ್ಕು ಟರ್ಮಿನಲ್ಲುಗಳ ನಡುವೆ ಸುಟ್ಟು ಅಂಟಿಕೊಂಡಿತ್ತು. ಇನ್ನೊಂದರಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ತೂತನ್ನೇ ಮೆತ್ತಿ ಮುಚ್ಚಿತ್ತು. ಆಮೇಲೆ ಅದು ಮತ್ತೆ ನೀರು ಹೀರುವ ಬಾಕ್ಸೇ ಆಯಿತು ನೋಡಿ.

ಹಿಮದೂರು (ಉತ್ತರ):

ನಾನು ಅಮೆರಿಕದ ಮಿನ್ನೆಸೋಟದಲ್ಲಿದ್ದೇನೆ. ದೀಪಾವಳಿಗೆ ಏರಿಸಿದ ದೀಪಗಳನ್ನು ಹೊಸ ವರ್ಷದವರೆಗೆ ಇಳಿಸುವುದಿಲ್ಲ. ಇಲ್ಲಿನ ಹವ್ಯಾಸಿಗಳಲ್ಲಿ ಬಹಳ ಮಂದಿ ಬಳಸುವುದು ಕೇಬಲ್ ಟಿವಿಯವರು ಮನೆಯ ಹೊರಗೋಡೆಗೆ ಹಾಕುವ ಬೂದು ಬಣ್ಣದ ಪ್ಲಾಸ್ಟಿಕ್ ಬಾಕ್ಸು. ಅದು ಗಾಳಿಯಾಡದಂತೆ ಮುಚ್ಚುವಂಥದ್ದೇ ಅಲ್ಲ; ಮುಚ್ಚಳ ಕೊಡೆಯಂತೆ ಅಂಚನ್ನು ಹಾಯ್ದು ಇಳಿದಿರುತ್ತದೆ, ವಯರುಗಳು ಕೆಳಗಿನಿಂದ ಹೋಗುತ್ತವೆ. ಹಿಮ ಕರಗಿ ಸುರಿದರೂ ಒಳಗೆ ಒಣಗಿಯೇ ಇರುತ್ತದೆ. ಕರಾವಳಿಯ ಅಡ್ಡಮಳೆಗೆ ಮಾತ್ರ ಅದು ಸಾಲದು ಎಂದೇ ನನ್ನ ಅಂದಾಜು.

ಅದರಿಂದ ನಾನು ಕಲಿತದ್ದನ್ನು ಮಾತ್ರ ಹೇಳುತ್ತೇನೆ. ಬೋರ್ಡನ್ನು ನೇರವಾಗಿ ಬಾಕ್ಸಿನ ಬೆನ್ನಿಗೆ ಅಂಟಿಸದೆ, 3 ಮಿಲಿಮೀಟರಿನ ಅಕ್ರಿಲಿಕ್ ಹಲಗೆಯೊಂದಕ್ಕೆ ಎಂ3 ಹಿತ್ತಾಳೆಯ ಕಾಲುಗಳ ಮೇಲೆ ಕೂರಿಸಿ, ಆ ಹಲಗೆಯನ್ನು ನಾಲ್ಕು ಸ್ಕ್ರೂಗಳಿಂದ ಬಾಕ್ಸಿಗೆ ಬಿಗಿಯಿರಿ. ತಳದಲ್ಲಿ ಎರಡು ಚಮಚ ನೀರು ನಿಂತರೂ ಬೋರ್ಡಿಗೆ ತಾಗುವುದಿಲ್ಲ ಮತ್ತು ಹಬ್ಬ ಮುಗಿದ ಮೇಲೆ ಹಲಗೆಯ ಸಮೇತ ಒಳಗೆ ತಂದಿಡಬಹುದು. ಗಟ್ಟಿಯೆಂದು ಲೋಹದ ಬಾಕ್ಸು ತರಬೇಡಿ, ಇಎಸ್‌ಪಿ32ರ ವೈಫೈ ಅದರೊಳಗೆ ಉಸಿರು ಕಟ್ಟುತ್ತದೆ. ತಂದೇ ಆಗಿದ್ದರೆ ಹೊರಗಿನ ಆಂಟೆನಾ ಜೋಡಿಸಬಲ್ಲ ಮಾದರಿಯ ಬೋರ್ಡು ಬೇಕಾದೀತು.

ತುಳಸಿಕಟ್ಟೆ:

ಎಲ್ಲರಿಗೂ ಕೃತಜ್ಞತೆಗಳು. ಸಿಲಿಕೋನ್ ಟ್ಯೂಬನ್ನು ಮೂಸಿ ನೋಡಿದೆ, ವಿನೆಗರ್ ವಾಸನೆ ಮೂಗಿಗೆ ರಾಚಿತು. ನೆತ್ತಿಯ ಒಂದು ಗ್ಲ್ಯಾಂಡಿನಲ್ಲಿ ನಾನು ಎರಡು ಚಪ್ಪಟೆ ವಯರು ತುರುಕಿದ್ದೆ. ಅದರ ಕೆಳಗೇ ಒಳಗೋಡೆಯ ಮೇಲೆ ನೀರಿಳಿದ ಕಲೆ ಗೆರೆ ಎಳೆದಂತಿದೆ.

ಬೆಸುಗೆಕಡ್ಡಿ:

ಕಿಲುಬಿಗೆ ಅರ್ಧ ಕಾರಣ ಸಿಕ್ಕಿತು. ಆ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಮುಚ್ಚಿದ ಬಾಕ್ಸಿನಲ್ಲಿ ಅದು ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಬೋರ್ಡು ಕೂರಿಸುವ ಮೊದಲು ಖಾಲಿ ಬಾಕ್ಸನ್ನು ಪರೀಕ್ಷಿಸಿ: ಟಿಶ್ಯೂ ಕಾಗದದ ಮೇಲೆ ಶಾಯಿ ಪೆನ್ನಿನಲ್ಲಿ ಚುಕ್ಕೆಗಳನ್ನಿಟ್ಟು ಒಳಗೆಲ್ಲ ಹಾಸಿ, ಮುಚ್ಚಿ, ಮೂರು ದಿನ ಬಿಸಿಲಿಗೂ ಮಳೆಗೂ ಬಿಡಿ. ಹನಿ ಬಿದ್ದಲ್ಲಿ ಶಾಯಿ ಹರಡುತ್ತದೆ.

ತುಳಸಿಕಟ್ಟೆ:

ಪರೀಕ್ಷೆ ಮುಗಿಸಿದೆ. ಹಳೆಯ ತೂತುಗಳಿಗೆ ರಬ್ಬರ್ ವಾಷರಿನೊಂದಿಗೆ ಮುಚ್ಚುಬಿರಡೆ ಹಾಕಿ, ತಳದಲ್ಲಿ ನಾಲ್ಕು ಪಿಜಿ9 ಗ್ಲ್ಯಾಂಡು, ಜಾಲರಿ ಅಂಟಿಸಿದ ಒಂದು ತೂತು ಮಾಡಿದೆ. ಮಧ್ಯಾಹ್ನ ಬಾಕ್ಸು ಕೈಸುಡುವಂತಿದ್ದಾಗ ಗಿಡಗಳಿಗೆ ನೀರು ಬಿಡುವ ಪೈಪಿನಿಂದ ಹದಿನೈದು ನಿಮಿಷ ನೀರನ್ನೂ ಬಿಟ್ಟೆ. ಮೂರನೆಯ ದಿನ ತೆಗೆದಾಗ ಬಲಗಡೆಯ ಮೇಲಿನ ಮೂಲೆಯ ಒಂದು ಚುಕ್ಕೆ ಹೊರತು ಉಳಿದೆಲ್ಲವೂ ಇಟ್ಟ ಹಾಗೆಯೇ ಇದ್ದವು. ಆ ಮೂಲೆಯ ಸ್ಕ್ರೂವನ್ನು ಕೊನೆಗೆ ಬಿಗಿದಿದ್ದರಿಂದ ಮುಚ್ಚಳ ಕೂದಲೆಳೆಯಷ್ಟು ಎದ್ದಿತ್ತು. ನಾಲ್ಕನ್ನೂ ಸಡಿಲಿಸಿ, ಎದುರು ಬದುರು ಮೂಲೆಗಳ ಜೋಡಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಹೊಸ ಟಿಶ್ಯೂ ಹಾಸಿ ಮತ್ತೆ ಹೊರಗಿಟ್ಟಿದ್ದೇನೆ. ರಾಳ ತುಂಬಿದ ಎಸ್‌ಎಂಪಿಎಸ್ ನಾಳಿದ್ದು ಬರುತ್ತದೆ.