ಕಮಿಟಿಯಲ್ಲಿ ತಾಂಡಾದವರು ಒಬ್ಬರೂ ಇಲ್ಲ, ಹೇಗೆ ಬದಲಾಯಿಸೋದು?

ಪ್ರಶ್ನೆ, ವಿಜಯಪುರದಿಂದ
ನಮಸ್ಕಾರ ಎಲ್ಲರಿಗೂ. ನಮ್ಮದು ಸಣ್ಣ ಸಂಸ್ಥೆ, ಸಂಬಳದ ಮೇಲೆ 12 ಜನ ಇದ್ದೇವೆ. ಆರು ಲಂಬಾಣಿ ತಾಂಡಾಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇವೆ. ಹೋದ ನವೆಂಬರ್‌ನಲ್ಲಿ ಸಿಎಸ್‌ಆರ್ ದುಡ್ಡಿನಲ್ಲಿ, ಅಂದರೆ ಕಂಪನಿಯವರು ಸಮಾಜದ ಕೆಲಸಕ್ಕೆ ಕೊಡುವ ದುಡ್ಡಿನಲ್ಲಿ, 30 ಮಷಿನ್ ತಂದು ತರಬೇತಿ ಶುರು ಮಾಡಿದೆವು. ಬಂದವರು ಎಂಟೇ ಜನ. ಉಳಿದವರೆಲ್ಲ ಕಬ್ಬು ಕಡಿಯೋಕೆ ಗಾಡಿ ಹತ್ತಿ ಹೋಗಿದ್ದರು. ಆ ತಿಂಗಳಲ್ಲಿ ತಾಂಡಾ ಖಾಲಿ ಇರುತ್ತೆ ಅನ್ನೋದು ಸಂಸ್ಥೆ ನಡೆಸುವ ನಮ್ಮ ಕಮಿಟಿಯ ಏಳೂ ಜನರಿಗೆ ಹೊಳೆಯಲಿಲ್ಲ, ಯಾಕಂದರೆ ಏಳೂ ಜನ ಸಿಟಿಯವರೇ, ಅದರಲ್ಲಿ ಹೆಂಗಸು ಅಂದರೆ ನಾನೊಬ್ಬಳೇ. ತಾಂಡಾದವರನ್ನು ತಗೊಳ್ಳೋಣ ಅಂದರೆ ಹಿರಿಯರು "ಅವರಿಗೆ ಲೆಕ್ಕಪತ್ರ ತಿಳಿಯಲ್ಲ" ಅಂತಾರೆ. ಏನು ಮಾಡಲಿ?

ಉತ್ತರ, ಬೆಳಗಾವಿಯಿಂದ
ಅಕ್ಕಾ, ಆ ಮಾತು ಒಪ್ಪಬೇಡಿ. ನಮ್ಮ ಜಿಲ್ಲೆಯ ಘಟಪ್ರಭಾದ ಮಾಸ್ ಸಂಸ್ಥೆ ಕೇಳಿದ್ದೀರಲ್ವಾ? ಹಿಂದೆ ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಮುಂದೆ ನಿಂತು ನಡೆಸಿದ ಸೀತವ್ವ ಜೋಡಟ್ಟಿ ಅವರೂ ಅದೇ ಬದುಕು ದಾಟಿ ಬಂದವರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಲೆಕ್ಕ ಕಲಿಸಿದರೆ ಬರುತ್ತೆ. ತಾಂಡಾದ ಕಷ್ಟ ಸಿಟಿಯವರಿಗೆ ಕಲಿಸೋದೇ ಕಷ್ಟ.

ಉತ್ತರ, ಬಾಗಲಕೋಟೆಯಿಂದ
ನಾನು ಇಂಥ ಸಂಸ್ಥೆಗಳ ಲೆಕ್ಕ ಬರೆಯುವವನು. ಸೊಸೈಟಿ ಅಂತ ನೋಂದಣಿ ಆಗಿದ್ದರೆ ಮೊದಲು ನಿಮ್ಮ ಬೈಲಾ, ಅಂದರೆ ಸಂಸ್ಥೆಯ ನಿಯಮಾವಳಿ, ತೆಗೆದು ನೋಡಿರಿ, ಕಮಿಟಿಗೆ ಯಾರು ಬರಬಹುದು, ಎಷ್ಟು ಜನ ಅಂತ ಅದರಲ್ಲೇ ಇರುತ್ತೆ, ತಿದ್ದಬೇಕಾದರೆ ಸಾಮಾನ್ಯ ಸಭೆ ಕರೆದು ಠರಾವು ಮಾಡಬೇಕು. ಪ್ರತಿ ತಿಂಗಳು ಬಂದದ್ದು, ಖರ್ಚಾದದ್ದು, ಉಳಿದದ್ದು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸಭೆಯಲ್ಲಿ ಜೋರಾಗಿ ಓದಿರಿ. ಹಾಗೆ ಓದಿದಾಗ ಡೀಸೆಲ್ ಖರ್ಚು ಯಾಕೆ ಇಷ್ಟು ಜಾಸ್ತಿ ಅಂತ ಮೊದಲು ಕೇಳಿದವರು ಸಹಿ ಬಾರದ ಒಬ್ಬ ಅಜ್ಜಿ, ಇದು ನಾನು ಕಣ್ಣಾರೆ ಕಂಡದ್ದು. ಇನ್ನೊಂದು, ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಕಡೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹೆಂಗಸೇ ಆಗಬೇಕು, ಅರ್ಧಕ್ಕೆ ಕಡಿಮೆ ಇಲ್ಲದಂತೆ ಹೆಂಗಸರಿರಬೇಕು, ಒಬ್ಬರು ಹೊರಗಿನವರು. ನಿಮ್ಮಲ್ಲಿ ಇದೆಯಾ?

ಉತ್ತರ, ಇಂಡಿ ಕಡೆಯಿಂದ
ನಾನು ತಾಂಡಾದವಳೇ. ಹಿಂದೆ ಒಂದು ಸಂಸ್ಥೆಯವರು ನನ್ನನ್ನು ಕಮಿಟಿಗೆ ತಗೊಂಡಿದ್ದರು. ಫೋಟೋಗೆ ಕರೀತಿದ್ದರು, ಸಹಿ ಹಾಕಿಸಿಕೊಂಡು ಕಳಿಸ್ತಿದ್ದರು. ಒಬ್ಬಳೇ ಇದ್ದೆ, ಮಾತಾಡೋಕೆ ಧೈರ್ಯ ಸಾಲಲಿಲ್ಲ. ಅದಕ್ಕೆ ಹೇಳ್ತೀನಿ, ಒಬ್ಬರನ್ನು ತಗೋಬೇಡಿ, ಮೂವರನ್ನಾದರೂ ತಗೊಳ್ಳಿ. ಸಭೆ ತಾಂಡಾದಲ್ಲೇ ಇಡಿ, ಕೂಲಿ ಮುಗಿದ ಮೇಲೆ, ಸಂಜೆ. ನಮ್ಮ ಲಂಬಾಣಿ ಮಾತಿನಲ್ಲಿ ಮಾತಾಡಿದರೆ ತಡೀಬೇಡಿ, ಕನ್ನಡಕ್ಕೆ ಹೇಳೋರು ಒಬ್ಬರಿದ್ದರೆ ಸಾಕು. ಯಾವ ತಿಂಗಳಲ್ಲಿ ಯಾರು ಊರಲ್ಲಿರ್ತಾರೆ ಅಂತ ನಮ್ಮನ್ನು ಕೇಳಿದ್ದರೆ ಆ ಮಷಿನ್ ಸುಮ್ನೆ ನಿಲ್ತಿರಲಿಲ್ಲ.

ಪ್ರಶ್ನೆ ಕೇಳಿದವಳು
ತಂಗೀ, ನಿನ್ನ ಮಾತು ಎರಡು ಸಲ ಓದಿದೆ. ಸರ್, ಆಂತರಿಕ ಸಮಿತಿ ನಮ್ಮಲ್ಲಿಲ್ಲ, ಈ ವಾರವೇ ಮಾಡ್ತೀವಿ. ಕಬ್ಬಿನವರು ವಾಪಸ್ ಬಂದ ಮೇಲೆ ಸೇವಾಲಾಲ್ ಗುಡಿ ಮುಂದೆ ಸಾಮಾನ್ಯ ಸಭೆ ಕರೆಯೋಣ ಅಂತಿದ್ದೀನಿ. ಮೂವರನ್ನು ಆರಿಸೋದು ತಾಂಡಾದ ಹೆಂಗಸರೇ ಆಗಲಿ, ಅಲ್ವಾ?