ಸಹಾಯ ಬೇಕು: ನನಗೂ ಗೆಳೆಯನಿಗೂ ಹಿಡಿಸುವ ಒಂದು ಅನಿಮೆ

ನಮಸ್ಕಾರ, ನಾನು ಮಲ್ಪೆಯವನು. ಗೆಳೆಯನ ಜೊತೆ ಒಂದು ಒಪ್ಪಂದ ಆಗಿದೆ: ಅವನು ಹೇಳಿದ ಅನಿಮೆ (ಜಪಾನಿನ ಆನಿಮೇಷನ್ ಸರಣಿ) ನಾನು ನೋಡಬೇಕು, ನಾನು ಹೇಳಿದ್ದು ಅವನು.

ನಾನು ಕೊಟ್ಟದ್ದು ‘ಮುಶಿಶಿ’, 2005ರದ್ದು, 26 ಕಂತು. ಊರೂರು ಅಲೆಯುವ ಗಿಂಕೊ, ಎಲ್ಲರ ಕಣ್ಣಿಗೂ ಬೀಳದ ಜೀವಿಗಳು, ಕಾಡು, ಮಂಜು. ನಾಗಬನದ ಪಕ್ಕ ಬೆಳೆದ ನಮಗೆ ಇದು ಹತ್ತಿರದ್ದೇ ಅಲ್ವಾ? ಅವನು ಎರಡನೇ ಕಂತಿಗೇ ಗೊರಕೆ ಹೊಡೆದ. ಆಮೇಲೆ ದ್ವೀಪದ ಹಳ್ಳಿಯೊಂದರ ಶಾಂತ ಕಥೆ ‘ಬಾರಾಕಮೊನ್’ ಕೊಟ್ಟೆ, “ಹೊಡೆದಾಟ ಎಲ್ಲಿ ಮಾರಾಯ?” ಅಂದ.

ಅವನು ಕೊಟ್ಟದ್ದು ‘ಒನ್ ಪೀಸ್’. 1000 ಕಂತು ದಾಟಿದೆ! ನಾನು 40ಕ್ಕೇ ನಿಂತಿದ್ದೇನೆ. (ದಿನಾ ಬೋಟು ನೋಡುವವನಿಗೆ ಕಡಲ್ಗಳ್ಳರ ಕಥೆ ರುಚಿಸಬೇಕಿತ್ತು.)

ಹೊಡೆದಾಟ ಇರಲಿ, ಆದರೆ ಹಳ್ಳಿ, ಮಳೆ, ದೈವದ ವಾಸನೆಯೂ ಬೇಕು. 26 ಕಂತಿನೊಳಗೆ ಮುಗಿದಿರಬೇಕು. ಅಂಥದ್ದು ಯಾವುದು, ಒಂದೇ ಒಂದು ಹೆಸರು ಹೇಳ್ತೀರಾ?